ಮಿಚೆಲ್ಲನ ಠೇವಣಿ ಚೀಟಿ

1839ನೆಯ ಇಸವಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಶಾಸನಸಭೆ ಒಂದು ವಿಮಾ ಕಂಪನಿಗೆ ಸನ್ನದು ಕೊಟ್ಟಿತು. ವಿಸ್ಕಾನ್ಸಿನ್ ಆಗಿನ್ನೂ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ರಾಜ್ಯವೆನಿಸಿಕೊಂಡಿರಲಿಲ್ಲ. ಆ ಪದವಿ ಅದಕ್ಕೆ ಬಂದುದು 1848ರಲ್ಲಿ. ಸರೋವರದಲ್ಲಿ ಹಡಗು ಮುಳುಗಿದರೆ, ಊರಿನಲ್ಲಿ ಮನೆ ಸುಟ್ಟರೆ ಪರಿಹಾರ ಕೊಡುವುದು ಕಂಪನಿಯ ಕೆಲಸ. ಅದರ ಜೊತೆಗೆ ಜನರಿಂದ ಠೇವಣಿ ಪಡೆಯಬಹುದು, ಠೇವಣಿಗೆ ಚೀಟಿ ಬರೆದುಕೊಡಬಹುದು, ಹಣವನ್ನು ಸಾಲ ಕೊಡಬಹುದು ಎಂದೂ ಸನ್ನದಿನಲ್ಲಿತ್ತು. ಕಡೆಗೆ ಒಂದು ನಿಬಂಧನೆ: ಇದರಿಂದ ಕಂಪನಿಗೆ ಬ್ಯಾಂಕಿನ ಅಧಿಕಾರ ಬಂದಿತೆಂದು ಯಾರೂ ತಿಳಿಯತಕ್ಕದ್ದಲ್ಲ! ಠೇವಣಿ ಪಡೆದು ಸಾಲ ಕೊಡುವುದು ಬ್ಯಾಂಕಲ್ಲದಿದ್ದರೆ ಮತ್ತೆ ಬ್ಯಾಂಕೆಂಬುದು ಯಾವುದು ಎಂದು ಓದುಗರು ಕೇಳಬಹುದು. ಶಾಸನಸಭೆಯವರು ಕೇಳಿಕೊಂಡಂತೆ ಕಾಣುವುದಿಲ್ಲ. ಅದೇ ವರ್ಷ ಕಂಪನಿಯ ಕಾರ್ಯದರ್ಶಿಯಾಗಿ ಮಿಲ್ವಾಕಿಗೆ ಬಂದಿಳಿದ ಇಪ್ಪತ್ತೊಂದರ ತರುಣನಿಗೆ ಮಾತ್ರ ಉತ್ತರ ಚೆನ್ನಾಗಿ ಗೊತ್ತಿತ್ತು.

ಅವನ ಹೆಸರು ಅಲೆಕ್ಸಾಂಡರ್ ಮಿಚೆಲ್. ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯ ಎಲನ್ ಎಂಬಲ್ಲಿ 1817ರಲ್ಲಿ ಹುಟ್ಟಿದ ರೈತನ ಮಗ. ಮೊದಲು ಅಬರ್ಡೀನಿನ ವಕೀಲರ ಕಚೇರಿಯೊಂದರಲ್ಲಿದ್ದು, ಆಮೇಲೆ ಕಡಲತೀರದ ಪೀಟರ್‌ಹೆಡ್ ಎಂಬ ಊರಿನ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ. ಅವನನ್ನು ಕರೆಸಿಕೊಂಡವನು ಅದೇ ಸೀಮೆಯ ಜಾರ್ಜ್ ಸ್ಮಿತ್. ಸ್ಮಿತ್ 1834ರಲ್ಲೇ ಷಿಕಾಗೋ ಸೇರಿ, ಜಮೀನಿನ ವ್ಯಾಪಾರದಲ್ಲಿ ಕೈ ಮಾಡಿಕೊಂಡು, ತನ್ನ ಊರ ಕಡೆಯವರ ಬಂಡವಾಳವನ್ನು ಅಲ್ಲಿಗೆ ತಂದು ಹೂಡಿದ್ದವನು. ಕಂಪನಿಯ ಯಜಮಾನ ಷಿಕಾಗೋದಲ್ಲಿ ಕುಳಿತ. ಮಿಲ್ವಾಕಿಯ ಅಂಗಡಿಯನ್ನು ಹುಡುಗನಿಗೆ ಒಪ್ಪಿಸಿದ. 1840ರ ಜನಗಣತಿಯಲ್ಲಿ ಮಿಲ್ವಾಕಿಯ ಜನಸಂಖ್ಯೆ 1,700 ಚಿಲ್ಲರೆ. ನಮ್ಮ ಲೆಕ್ಕಕ್ಕೆ ಒಂದು ದೊಡ್ಡ ಹಳ್ಳಿ.

ಇವರು ಸ್ಕಾಟರು ಎಂಬುದನ್ನು ಇಲ್ಲಿ ಮರೆಯಬಾರದು. ಸ್ಕಾಟ್ಲೆಂಡಿನಲ್ಲಿ ಆ ಕಾಲಕ್ಕೆ ಖಾಸಗಿ ಬ್ಯಾಂಕುಗಳ ಒಂದು ಪೌಂಡಿನ ನೋಟು ಮನೆಮನೆಯ ವಸ್ತು. ಚಿನ್ನದ ನಾಣ್ಯವನ್ನು ಕಾಣುವುದೇ ಅಪರೂಪ. 1826ರಲ್ಲಿ ಲಂಡನ್ನಿನ ಸರ್ಕಾರ ಸಣ್ಣ ನೋಟುಗಳನ್ನು ನಿಲ್ಲಿಸಲು ಹೊರಟಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನೇ ಮಲಾಕಿ ಮಲಗ್ರೋದರ್ ಎಂಬ ಸುಳ್ಳು ಹೆಸರಿನಲ್ಲಿ ಪತ್ರಿಕೆಗೆ ಕಾಗದಗಳನ್ನು ಬರೆದು ದೇಶವನ್ನೆಲ್ಲ ಎಬ್ಬಿಸಿದ. ಸರ್ಕಾರ ಹಿಂದೆಗೆಯಿತು. ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ನೋಟುಗಳ ಮೇಲೆ ಇಂದಿಗೂ ಅವನ ಮುಖವಿರುವುದು ಬರಿಯ ಸಾಹಿತ್ಯಾಭಿಮಾನದಿಂದಲ್ಲ. ಮಿಚೆಲ್ ಆಗ ಎಂಟು ವರ್ಷದ ಬಾಲಕ. ಬರೆದವನ ಮಾತು ನಿಲ್ಲುವುದಾದರೆ ಕಾಗದವೂ ಹಣವೇ ಎಂಬ ನಂಬಿಕೆಯ ನಡುವೆ ಬೆಳೆದವನು.

ಅಮೆರಿಕದ ಪಶ್ಚಿಮ ಸೀಮೆಯವರಿಗಾದರೋ ಬ್ಯಾಂಕಿನ ಕಾಗದವೆಂದರೆ ಮೈಯುರಿ. 1837ರ ಆರ್ಥಿಕ ಕುಸಿತದಲ್ಲಿ ಎಷ್ಟೋ ಬ್ಯಾಂಕುಗಳು ಮಲಗಿದ್ದವು. ನೆರೆಯ ಮಿಚಿಗನ್ನಿನಲ್ಲಿ ಅದೇ ವರ್ಷ ಬಂದ ಕಾನೂನಿನ ಆಶ್ರಯದಲ್ಲಿ ನಾಯಿಕೊಡೆಗಳಂತೆ ಎದ್ದ ಬ್ಯಾಂಕುಗಳನ್ನು ಜನ ಕಾಡುಬೆಕ್ಕಿನ ಬ್ಯಾಂಕುಗಳೆಂದು ಕರೆದರು. ತನಿಖೆಯ ಅಧಿಕಾರಿ ಬರುವ ಹೊತ್ತಿಗೆ ಒಂದೇ ನಾಣ್ಯದ ಪೆಟ್ಟಿಗೆ ಗಾಡಿಯೇರಿ ಅವನಿಗಿಂತ ಮುಂದಾಗಿ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತಂತೆ; ಕೆಲವು ಪೀಪಾಯಿಗಳಲ್ಲಿ ಮೇಲೆ ಬೆಳ್ಳಿ, ಕೆಳಗೆ ಕಬ್ಬಿಣದ ಮೊಳೆ. ಇದನ್ನೆಲ್ಲ ಕಂಡ ವಿಸ್ಕಾನ್ಸಿನ್ನಿನವರು 1846ರಲ್ಲಿ ರಚಿಸಿದ ರಾಜ್ಯಾಂಗದ ಕರಡಿನಲ್ಲಿ ಬ್ಯಾಂಕುಗಳನ್ನೇ ನಿಷೇಧಿಸಿದ್ದರು. ಆ ಕರಡನ್ನು ಮತದಾರರು ಮರುವರ್ಷ ತಳ್ಳಿಹಾಕಿದರೆಂಬುದು ಬೇರೆ ಮಾತು. ಇಂಥ ಸೀಮೆಯಲ್ಲಿ ಬ್ಯಾಂಕು ಎಂಬ ಹೆಸರು ಹೇಳುವವನೇ ದಡ್ಡ. ವಿಮಾ ಕಂಪನಿಯೆಂಬ ಮುಸುಕು ಅದಕ್ಕಾಗಿಯೇ.

ಮಿಚೆಲ್ ಚೀಟಿಗಳನ್ನು ಅಚ್ಚು ಹಾಕಿಸಿದ. ಒಂದು ಡಾಲರ್, ಮೂರು ಡಾಲರ್, ಐದು ಡಾಲರ್. ಇಷ್ಟು ಹಣ ಠೇವಣಿಯಾಗಿದೆ, ಕೇಳಿದೊಡನೆ ತಂದವರಿಗೆ ಸಲ್ಲಿಸಲಾಗುವುದು ಎಂಬುದು ಅದರ ತಾತ್ಪರ್ಯ. ನಮ್ಮ ಸಾಹುಕಾರರ ದರ್ಶನೀ ಹುಂಡಿಯನ್ನು ಕಂಡವರಿಗೆ ಇದರ ಮರ್ಮ ತಿಳಿಸಬೇಕಾಗಿಲ್ಲ. ನೋಡುವುದಕ್ಕೆ ನೋಟು, ಕಾನೂನಿನ ಕಣ್ಣಿಗೆ ರಸೀದಿ. ರೈತ ಗೋಧಿ ಮಾರಿ ಅದನ್ನು ಪಡೆದ. ಅಂಗಡಿಯವನು ಅದಕ್ಕೆ ಉಪ್ಪು, ಬಟ್ಟೆ ಕೊಟ್ಟ. ವರ್ತಕ ಅದನ್ನೇ ಷಿಕಾಗೋಗೆ ಕಳಿಸಿದ. 'ಜಾರ್ಜ್ ಸ್ಮಿತ್‌ನ ಹಣ' ಎಂದೇ ಅದಕ್ಕೆ ಹೆಸರಾಯಿತು. ಐವತ್ತರ ದಶಕದ ಆರಂಭದಲ್ಲಿ ಚಲಾವಣೆಯಲ್ಲಿದ್ದ ಈ ಚೀಟಿಗಳ ಮೊತ್ತ ಹದಿನೈದು ಲಕ್ಷ ಡಾಲರಿನ ಹತ್ತಿರ ಬಂದಿತ್ತು. ಅದರ ಹಿಂದೆ ಸರ್ಕಾರದ ಜಾಮೀನಿಲ್ಲ. ತಂದವನ ಕೈಗೆ ಚಿನ್ನ ಎಣಿಸಿ ಕೊಡುವ ಒಂದು ಮೇಜು ಮಾತ್ರ.

1846ರಲ್ಲಿ ಶಾಸನಸಭೆ ಎಚ್ಚೆತ್ತು ಸನ್ನದನ್ನು ರದ್ದುಗೊಳಿಸಿತು. ಮಿಚೆಲ್ ಬಾಗಿಲು ಹಾಕಲಿಲ್ಲ. ಎಂದಿನಂತೆ ಬೆಳಗ್ಗೆ ಬಂದು ಕುಳಿತ, ಚೀಟಿ ಬರೆದ, ಚೀಟಿಗೆ ನಾಣ್ಯ ಕೊಟ್ಟ. ಶಾಸನವನ್ನು ಹೀಗೆ ಬಹಿರಂಗವಾಗಿ ಕಡೆಗಣಿಸಿದವನನ್ನು ಹೊಗಳುವುದಕ್ಕೆ ಮನಸ್ಸು ಹಿಂಜರಿಯುತ್ತದೆ. ಅವನ ವರ್ತನೆಯಲ್ಲಿ ಸಿರಿವಂತನ ಸೊಕ್ಕು ಇದ್ದಿತು. ಆದರೆ ಚೀಟಿ ಹಿಡಿದಿದ್ದ ರೈತನ ಕಡೆಯಿಂದ ನೋಡಿದರೆ, ಅಂದು ಬಾಗಿಲು ಮುಚ್ಚಿದ್ದರೆ ಕೆಟ್ಟುಹೋಗುತ್ತಿದ್ದವನು ಆ ರೈತ. 1849ರ ನವೆಂಬರಿನಲ್ಲಿ ಕಂಪನಿ ದಿವಾಳಿಯೆಂಬ ಸುದ್ದಿ ಹಬ್ಬಿ, ಜನ ಚೀಟಿ ಹಿಡಿದು ಬಾಗಿಲಿಗೆ ಮುತ್ತಿದರು. ಷಿಕಾಗೋಗೂ ಮಿಲ್ವಾಕಿಗೂ ಆಗ ರೈಲಿರಲಿಲ್ಲ. ಆದರೂ ಅಲ್ಲಿಂದ ನಾಣ್ಯ ಬಂದಿತು, ಕೇಳಿದವರಿಗೆಲ್ಲ ಸಂದಿತು. ಸಿಕ್ಕುತ್ತದೆಂದು ಖಚಿತವಾದ ಮೇಲೆ ಜನಕ್ಕೆ ಅದು ಬೇಡವಾಯಿತು.

ಮುಂದಿನ ಭಾಗವೇ ನನಗೆ ಹೆಚ್ಚು ವಿಚಾರಾರ್ಹವಾಗಿ ತೋರುವುದು. 1852ರಲ್ಲಿ ವಿಸ್ಕಾನ್ಸಿನ್ನಿನ ಮತದಾರರು ಬ್ಯಾಂಕಿನ ಕಾನೂನಿಗೆ ಒಪ್ಪಿಗೆಯಿತ್ತರು. ಮರುವರ್ಷ ಮಿಚೆಲ್ಲನ ಕಂಪನಿ ಶಾಸನಬದ್ಧವಾದ ಬ್ಯಾಂಕಾಯಿತು. ಕೆಲಕಾಲದಲ್ಲಿ ಸ್ಮಿತ್‌ನ ಪಾಲನ್ನೂ ಅವನೇ ಕೊಂಡ. (ಸ್ಮಿತ್ ಆಮೇಲೆ ಲಂಡನ್ನಿಗೆ ಹೋಗಿ ನೆಲೆಸಿ, ಕೋಟ್ಯಧೀಶನಾಗಿ, ಮದುವೆಯಾಗದೆಯೇ 1899ರಲ್ಲಿ ತೀರಿಕೊಂಡ.) ಹೊಸ ಕಾನೂನಿನ ಪ್ರಕಾರ ನೋಟು ಹೊರಡಿಸುವ ಬ್ಯಾಂಕು ಅದಕ್ಕೆ ಭದ್ರತೆಯಾಗಿ ಸಾರ್ವಜನಿಕ ಸಾಲಪತ್ರಗಳನ್ನು ಸರ್ಕಾರದಲ್ಲಿ ಇಡಬೇಕು. ಬರಿಯ ಮಾತನ್ನಲ್ಲ, ಸರ್ಕಾರದ ಪೆಟ್ಟಿಗೆಯನ್ನು ನಂಬಬಹುದು ಎಂದು ಜನಕ್ಕೆ ಸಮಾಧಾನ. ಬಡ್ಡಿ ಹೆಚ್ಚು ಬರುತ್ತದೆಂದು ಬಹುಮಂದಿ ಬ್ಯಾಂಕರುಗಳು ಕೊಂಡಿಟ್ಟದ್ದು ಮಿಸ್ಸೂರಿ, ವರ್ಜೀನಿಯಾ, ಟೆನೆಸಿ ಮೊದಲಾದ ದಕ್ಷಿಣ ರಾಜ್ಯಗಳ ಸಾಲಪತ್ರಗಳನ್ನು.

1861ರ ಏಪ್ರಿಲಿನಲ್ಲಿ ಉತ್ತರ ದಕ್ಷಿಣಗಳ ನಡುವೆ ಯುದ್ಧ ಹತ್ತಿತು. ಆ ಪತ್ರಗಳ ಬೆಲೆ ಕುಸಿಯಿತು. ಅವನ್ನು ನೆಚ್ಚಿದ್ದ ನೋಟುಗಳ ಬೆಲೆಯೂ ಜೊತೆಯಲ್ಲೇ ಇಳಿಯಿತು. ಯಾವ ಯಾವ ಬ್ಯಾಂಕಿನ ನೋಟುಗಳನ್ನು ಪಡೆಯುತ್ತೇವೆಂದು ಬ್ಯಾಂಕರುಗಳೆಲ್ಲ ಸೇರಿ ಒಂದು ಪಟ್ಟಿ ಮಾಡಿದರು. ಜೂನಿನಲ್ಲಿ ಆ ಪಟ್ಟಿಯಿಂದ ಹತ್ತು ಬ್ಯಾಂಕುಗಳ ಹೆಸರನ್ನು ತೆಗೆದುಹಾಕಿದರು. ಅದು ವಾರದ ಕೂಲಿ ಬಟವಾಡೆಯ ಸಮಯ. ಶನಿವಾರ ಸಂಜೆ ಕೂಲಿಯವನ ಕೈಗೆ ಬಂದದ್ದು ಅಂಥ ನೋಟುಗಳೇ; ಅಂಗಡಿಗೆ ಹೋದರೆ ಅವನ್ನು ಕೇಳುವವರಿಲ್ಲ. ಆರು ದಿನ ದುಡಿದವನ ಮನೆಯಲ್ಲಿ ಭಾನುವಾರದ ರೊಟ್ಟಿಗೆ ಸಂಚಕಾರ.

ಜೂನ್ 24ರ ಸೋಮವಾರ ಕೂಲಿಗಾರರು, ಬಹುಪಾಲು ಜರ್ಮನರು, ವಾದ್ಯ ಬಾರಿಸಿಕೊಂಡು ಮೆರವಣಿಗೆ ಹೊರಟು ಮಿಚೆಲ್ಲನ ಬ್ಯಾಂಕಿನ ಮುಂದೆ ನೆರೆದರು. ಅವನು ಮೆಟ್ಟಿಲ ಮೇಲೆ ನಿಂತು ಮಾತನಾಡಲು ನೋಡಿದ. ಇಪ್ಪತ್ತೆರಡು ವರ್ಷ ಈ ಊರು ಅವನ ಮಾತನ್ನೇ ನಾಣ್ಯವೆಂದು ನಂಬಿತ್ತು. ಅಂದು ಉತ್ತರವಾಗಿ ಬಂದದ್ದು ಕಲ್ಲು. ಅವನು ತಪ್ಪಿಸಿಕೊಂಡು ಹೋದ. ಕಿಟಕಿಗಳು ಪುಡಿಯಾದವು, ಮೇಜು ಕುರ್ಚಿ ಕಾಗದಪತ್ರಗಳು ಬೀದಿಯಲ್ಲಿ ಉರಿದವು. ಸೈನಿಕರು ಬಂದು ಗುಂಪನ್ನು ಚದರಿಸಬೇಕಾಯಿತು. ಆಮೇಲೆ ಬ್ಯಾಂಕುಗಳು ವಿಸ್ಕಾನ್ಸಿನ್ ರಾಜ್ಯದ ಯುದ್ಧ ಸಾಲಪತ್ರಗಳನ್ನು ಕೊಂಡು, ದಕ್ಷಿಣದ ಪತ್ರಗಳ ಜಾಗದಲ್ಲಿ ಅವನ್ನಿಟ್ಟು ನೋಟುಗಳಿಗೆ ಮತ್ತೆ ಜೀವ ತುಂಬಿದವು.

ಕಾನೂನು ಒಪ್ಪದಿದ್ದ ಚೀಟಿ ಯಾರನ್ನೂ ಮುಳುಗಿಸಲಿಲ್ಲ. ಕಾನೂನು ಮುದ್ರೆ ಒತ್ತಿದ ನೋಟು ಕೂಲಿಯವನ ಅನ್ನವನ್ನು ಕಸಿಯಿತು. ಇದರಿಂದ ಕಾನೂನೇ ಬೇಡವೆಂದು ಹೇಳುವವರುಂಟು. ನಾನು ಆ ಪಕ್ಷದವನಲ್ಲ. ಮಿಚಿಗನ್ನಿನ ಮೊಳೆಯ ಪೀಪಾಯಿಗಳನ್ನು ಅವರು ಮರೆಯುತ್ತಾರೆ. ಮಿಲ್ವಾಕಿಯ ಶಾಸನ ಭದ್ರತೆಯನ್ನು ಕೇಳಿತು, ಆ ಭದ್ರತೆ ಎಂಥದೆಂದು ಕೇಳಲಿಲ್ಲ; ಕೆಟ್ಟದ್ದು ಅಲ್ಲಿ. ಪಟ್ಟಿಯಿಂದ ಬಿಟ್ಟ ಹತ್ತು ಬ್ಯಾಂಕುಗಳಲ್ಲಿ ಮಿಚೆಲ್ಲನದು ಇರಲಿಲ್ಲ ಎಂಬುದು ನಿಜ. ಆದರೆ ಅವನು ಊರಿನ ಬ್ಯಾಂಕರುಗಳಲ್ಲಿ ಹಿರಿಯ. ಬಟವಾಡೆಯ ವೇಳೆ ಯಾವುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮುಂದೆ ಅವನು ಇನ್ನಷ್ಟು ದೊಡ್ಡವನಾದ. 1865ರಿಂದ ರೈಲ್ವೆ ಕಂಪನಿಯ ಅಧ್ಯಕ್ಷ, 1871ರಿಂದ 1875ರವರೆಗೆ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಯ ಸದಸ್ಯ. ದಕ್ಷಿಣ ಡಕೋಟದಲ್ಲಿ ಒಂದು ಊರಿಗೇ ಅವನ ಹೆಸರಿದೆ. 1876ರಲ್ಲಿ ಮಿಲ್ವಾಕಿಯ ಮಿಚಿಗನ್ ಬೀದಿಯಲ್ಲಿ ಅವನು ಕಟ್ಟಿಸಿದ ಭವ್ಯ ಕಟ್ಟಡ ಇಂದಿಗೂ ನಿಂತಿದೆ. 1887ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ. ವಿಮಾನದಳದ ಹೆಸರಾಂತ ಸೇನಾನಿ ಬಿಲ್ಲಿ ಮಿಚೆಲ್ ಅವನ ಮೊಮ್ಮಗ. ಮಿಲ್ವಾಕಿಯ ವಿಮಾನ ನಿಲ್ದಾಣಕ್ಕಿರುವುದು ಆ ಮೊಮ್ಮಗನ ಹೆಸರು.

ಬ್ಯಾಂಕು ಮಗ ಜಾನ್‌ನ ಪಾಲಿಗೆ ಬಂದಿತು. 1893ರ ಕುಸಿತದಲ್ಲಿ ಅದು ಬಾಗಿಲು ಹಾಕಿತು. ಆಗ ಸೆನೆಟಿನ ಸದಸ್ಯನಾಗಿದ್ದ ಜಾನ್ ತನ್ನ ಸ್ವಂತ ಆಸ್ತಿಯನ್ನು ಹಾಕಿ ಠೇವಣಿದಾರರ ಸಾಲವನ್ನು ತೀರಿಸಿದ.