ಪೇಟೆ

ಪೇಟೆ: ಅಂಗಡಿಬೀದಿ, ಪಟ್ಟಣ. ತಮಿಳಿನ ‘ಪೇಟ್ಟೈ’, ತೆಲುಗಿನ ‘ಪೇಟ’ ಇದರ ದಾಯಾದಿಗಳು. ‘ಪೇಟೆಗೆ ಹೋಗಿದ್ದಾರೆ’ ಎನ್ನುವಾಗ ಇದು ಬರೀ ಮಾರುಕಟ್ಟೆ. ಆದರೆ ಬೆಂಗಳೂರಿನ ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆಗಳಲ್ಲಿ ಇನ್ನೊಂದು ಅರ್ಥ ಉಳಿದಿದೆ: ಒಂದೇ ಸರಕಿನವರು, ಒಂದೇ ಕಸುಬಿನವರು ಒತ್ತಾಗಿ ನೆಲೆಸಿದ ಜಾಗ. ಅರ್ಥಶಾಸ್ತ್ರಜ್ಞರು ‘ಕ್ಲಸ್ಟರ್’ ಎನ್ನುವುದೂ ಹೆಚ್ಚುಕಡಿಮೆ ಇದನ್ನೇ. ತಮಿಳರು ಕೈಗಾರಿಕಾ ಬಡಾವಣೆಯನ್ನು ಇಂದಿಗೂ ‘ತೊಳಿರ್‌ಪೇಟ್ಟೈ’ ಎನ್ನುತ್ತಾರೆ. ನಾವು ಆ ನಂಟು ಕಳಚಿ ‘ಕೈಗಾರಿಕಾ ವಸಾಹತು’ ಎಂದೆವು.

ಪೇಟೆಯನ್ನು ಕಟ್ಟಿದ್ದು ಜಾತಿ, ಕ್ಲಸ್ಟರನ್ನು ಕಟ್ಟುವುದು ಲಾಭ. ಎರಡನ್ನೂ ಒಂದೇ ಎನ್ನಬಹುದೇ ಎಂಬ ಆಕ್ಷೇಪ ಸಹಜ. ಗಾಣಿಗ, ಕುಂಬಾರ ಎಂಬ ಹೆಸರುಗಳೇ ಪೇಟೆಯ ಜಾತಿಮೂಲಕ್ಕೆ ಪುರಾವೆ. ಆದರೆ ಇಂದಿನ ಕ್ಲಸ್ಟರೂ ಜಾತಿಯಿಂದ ಹೊರತಲ್ಲ. ತಮಿಳುನಾಡಿನ ತಿರುಪ್ಪೂರಿನ ಬನಿಯನ್ ಉದ್ಯಮದ ಮಾಲೀಕರಲ್ಲಿ ಅನೇಕರು ಬೇಸಾಯದ ಗೌಂಡರ್ ಮನೆಗಳಿಂದ ಬಂದವರು; ಕುಲಕಸುಬು ಬೇರೆಯಾದರೂ ನಂಟಸ್ತಿಕೆಯ ನಂಬಿಕೆಯೇ ಅವರಿಗೂ ಬಂಡವಾಳವಾಯಿತು. ಅಲ್ಲಿ ಕೆಲಸವೂ ಹಂಚಿಹೋಗಿದೆ: ಹೆಣೆಯುವ ಘಟಕ ಒಂದು, ಬಣ್ಣ ಹಾಕುವುದು ಇನ್ನೊಂದು, ಕತ್ತರಿಸಿ ಹೊಲಿಯುವುದು ಮತ್ತೊಂದು. 2011ರಲ್ಲಿ ನೊಯ್ಯಲ್ ನದಿಯ ಮಾಲಿನ್ಯಕ್ಕಾಗಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿದಾಗ ಉಳಿದವರೂ ತತ್ತರಿಸಿದರು. ನಿವೇಶನ ಹಂಚಿದರೆ ವಸಾಹತು ಆದೀತು. ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ದಾಟುವಂತಿದ್ದರೆ ಮಾತ್ರ ಅದು ಪೇಟೆ.