ಅಂಕಪಟ್ಟಿಯ ಆಚೆಗಿನ ಅಳತೆಗೋಲು

ವಕೀಲನಾಗಲು ಹೊರಟವನಲ್ಲಿ ಏನನ್ನು ನೋಡಬೇಕು? ಅಂಕವನ್ನೇ, ಅನುಭವವನ್ನೇ, ನಡತೆಯನ್ನೇ? ನಮ್ಮ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಬಯಸುವ ಪಿಯುಸಿ ವಿದ್ಯಾರ್ಥಿಗೆ ಈ ಪ್ರಶ್ನೆ ಎದುರಾಗುವುದೇ ಇಲ್ಲ. ಎರಡು ಗಂಟೆಯ ಒಂದು ಪರೀಕ್ಷೆ, ಅದರಲ್ಲಿ ಬಂದ ರ‍್ಯಾಂಕ್, ಮೀಸಲಾತಿಯ ಲೆಕ್ಕ, ಅಷ್ಟೇ. ಶಾಲೆಯಲ್ಲಿ ಚರ್ಚಾಸ್ಪರ್ಧೆ ಗೆದ್ದಿದ್ದರೂ, ತಂದೆಯ ಅಂಗಡಿಯಲ್ಲಿ ನಾಲ್ಕು ವರ್ಷ ಲೆಕ್ಕ ಬರೆದಿದ್ದರೂ ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪದವಿ ಮುಗಿಸಿದ ಮೇಲೆ ಕಾನೂನು ಓದಬೇಕು. ಅರ್ಜಿಯೊಂದಿಗೆ ಪದವಿಯ ಅಂಕಗಳು, ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಫಲಿತಾಂಶ, ತನ್ನ ಬಗ್ಗೆ ತಾನೇ ಬರೆದ ಪ್ರಬಂಧ, ಗುರುಗಳ ಶಿಫಾರಸು ಪತ್ರ, ಪಠ್ಯೇತರ ಚಟುವಟಿಕೆ ಮತ್ತು ಉದ್ಯೋಗಾನುಭವದ ವಿವರ, ಇಷ್ಟೂ ಹೋಗಬೇಕು. ಮನುಷ್ಯನನ್ನು ಇಡಿಯಾಗಿ ನೋಡುತ್ತೇವೆ ಎಂಬುದು ಅಲ್ಲಿನ ಕಾಲೇಜುಗಳ ಮಾತು. ಕೇಳಲು ಬಹಳ ಹಿತವಾಗಿದೆ. ಆದರೆ ಈ ಇಡಿಯಾದ ನೋಟ ಯಾವಾಗ, ಯಾರ ಭಯದಿಂದ ಹುಟ್ಟಿತು ಎಂದು ಹುಡುಕಿದರೆ ಸಿಗುವ ಚರಿತ್ರೆ ಅಷ್ಟು ಹಿತವಾದುದಲ್ಲ.

ಒಂದು ಕಾಲಕ್ಕೆ ಅನುಭವವೇ ಕಾನೂನು ಕಾಲೇಜಾಗಿತ್ತು. ವಕೀಲರೊಬ್ಬರ ಕಚೇರಿಯಲ್ಲಿ ದಾಖಲೆಗಳ ನಕಲು ಬರೆಯುತ್ತಾ, ಅವರ ಪುಸ್ತಕಗಳನ್ನು ಓದುತ್ತಾ ಹುಡುಗರು ಕಾನೂನು ಕಲಿಯುತ್ತಿದ್ದರು. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಅಬ್ರಹಾಂ ಲಿಂಕನ್ ಪುಸ್ತಕಗಳನ್ನು ಎರವಲು ತಂದು ತಾನೇ ಓದಿ 1836ರಲ್ಲಿ ವಕೀಲಿಯ ಸನದು ಪಡೆದರು. ಇಸ್ಲಾಮೀ ಜಗತ್ತಿನ ಮದರಸಾಗಳಲ್ಲೂ ಫಿಕ್‌ಹ್ ಕಲಿಯುವವನಿಗೆ ಪ್ರವೇಶ ಪರೀಕ್ಷೆ ಇರಲಿಲ್ಲ. ವರ್ಷಗಟ್ಟಲೆ ಉಸ್ತಾದರ ಜೊತೆಗಿದ್ದವನಿಗೆ, ಅವನ ತಿಳಿವನ್ನೂ ನಡತೆಯನ್ನೂ ಬಲ್ಲ ಅದೇ ಉಸ್ತಾದರು ಬೋಧಿಸಲು, ಫತ್ವಾ ನೀಡಲು ಇಜಾಜತ್ ಕೊಡುತ್ತಿದ್ದರು. ಲಂಡನ್ನಿನ ಕಥೆ ಇನ್ನೂ ತಮಾಷೆಯದು. ಅಲ್ಲಿ ಬ್ಯಾರಿಸ್ಟರ್ ಆಗಲು ಪರೀಕ್ಷೆಯ ಜೊತೆಗೆ ನಿಗದಿತ ಸಂಖ್ಯೆಯ ಔತಣಗಳಲ್ಲಿ ಕುಳಿತು ಏಳಬೇಕಿತ್ತು. 1891ರಲ್ಲಿ ಬ್ಯಾರಿಸ್ಟರ್ ಆದ ಗಾಂಧೀಜಿ ಈ ಊಟದ ಪದ್ಧತಿಯನ್ನು ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಪಠ್ಯೇತರ ಚಟುವಟಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕೀತೇ?

1870ರಲ್ಲಿ ಕ್ರಿಸ್ಟೋಫರ್ ಲ್ಯಾಂಗ್ಡೆಲ್ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಬಳಿಕ ಅಮೆರಿಕದಲ್ಲಿ ಕಚೇರಿಯ ಕಲಿಕೆ ಹಿಂದೆ ಸರಿದು ಶಾಲೆಯ ಕಲಿಕೆ ಮುಂದೆ ಬಂತು. ಆದರೂ ಆಯ್ಕೆಯ ಸಮಸ್ಯೆ ಇರಲಿಲ್ಲ. ಒಳ್ಳೆಯ ಕಾಲೇಜಿನ ಪದವಿ ಇದ್ದವನನ್ನು ಸೇರಿಸಿಕೊಂಡು, ಮೊದಲ ವರ್ಷದ ಪರೀಕ್ಷೆಯಲ್ಲಿ ನಪಾಸು ಮಾಡಿ ಮನೆಗೆ ಕಳಿಸುವುದು ರೂಢಿ. ಮೂವರಲ್ಲಿ ಒಬ್ಬ ಹೀಗೆ ಉದುರುತ್ತಿದ್ದ ವರ್ಷಗಳೂ ಇದ್ದವು.

ಅದೇ ಹೊತ್ತಿಗೆ ಪೂರ್ವ ಯುರೋಪಿನಿಂದ ಬಂದ ಯಹೂದಿಗಳು, ಇಟಲಿ ಮತ್ತು ಐರ್ಲೆಂಡಿನಿಂದ ಬಂದ ಕ್ಯಾಥೊಲಿಕರು ನಗರಗಳಲ್ಲಿ ತುಂಬುತ್ತಿದ್ದರು. ಅವರ ಮಕ್ಕಳಲ್ಲಿ ಅನೇಕರು ಹಗಲು ಕಾರ್ಖಾನೆ, ಅಂಗಡಿಗಳಲ್ಲಿ ದುಡಿದು ರಾತ್ರಿ ಕಾನೂನು ಓದಿದರು. ಬೋಸ್ಟನ್ನಿನಲ್ಲಿ 1906ರಲ್ಲಿ ಶುರುವಾದ ಸಫೋಕ್ ಅಂಥದೇ ರಾತ್ರಿ ಶಾಲೆ. ಇವರಲ್ಲಿ ಉದ್ಯೋಗಾನುಭವಕ್ಕೆ ಕೊರತೆ ಇರಲಿಲ್ಲ. ಆದರೆ ಪ್ರತಿಷ್ಠಿತ ವಕೀಲರ ಕಣ್ಣಿಗೆ ಅದು ಅರ್ಹತೆಯಾಗಿ ಕಾಣಲಿಲ್ಲ, ಕೊಳೆಯಾಗಿ ಕಂಡಿತು. ವೃತ್ತಿಯ ಘನತೆ ಕೆಡುತ್ತಿದೆ ಎಂಬ ಕೂಗೆದ್ದಿತು.

ಇಲ್ಲಿಂದಲೇ ಅಂಕದ ಆಚೆಗಿನ ಅಳತೆಗೋಲಿನ ಕಥೆ ಆರಂಭ. ಮೊದಲು ಅದು ಕಾನೂನು ಶಾಲೆಗಿಂತ ಕೆಳಗಿನ ಮೆಟ್ಟಿಲಾದ ಪದವಿ ಕಾಲೇಜಿನಲ್ಲಿ ಕಾಣಿಸಿಕೊಂಡಿತು. 1922ರ ಸುಮಾರಿಗೆ ಹಾರ್ವರ್ಡ್ ಕಾಲೇಜಿಗೆ ಸೇರುತ್ತಿದ್ದ ಐವರಲ್ಲಿ ಒಬ್ಬ ಯಹೂದಿಯಾಗಿದ್ದ. ಪರೀಕ್ಷೆ ಪಾಸಾದವನನ್ನು ಬೇಡ ಎನ್ನಲು ನಿಯಮವಿರಲಿಲ್ಲ. ಅಧ್ಯಕ್ಷ ಲಾರೆನ್ಸ್ ಲೋವೆಲ್ ಯಹೂದಿಗಳ ಸಂಖ್ಯೆಗೆ ಮಿತಿ ಹೇರುವ ಸೂಚನೆ ಮುಂದಿಟ್ಟರು. ಬಹಿರಂಗ ಕೋಟಾವನ್ನು ಅಧ್ಯಾಪಕರು ಒಪ್ಪಲಿಲ್ಲ. ಆಗ ಬಂದದ್ದು ಒಳದಾರಿ. ಅರ್ಜಿಯಲ್ಲಿ ತಂದೆ ಹುಟ್ಟಿದ ಊರು, ತಾಯಿಯ ತವರಿನ ಹೆಸರು, ಕುಟುಂಬದ ಹೆಸರನ್ನು ಬದಲಾಯಿಸಿದ್ದುಂಟೇ ಎಂಬ ಪ್ರಶ್ನೆಗಳು ಸೇರಿಕೊಂಡವು. 1926ರ ಹೊತ್ತಿಗೆ ವಿದ್ಯಾರ್ಥಿಗಳ ಒಟ್ಟು ಸಂಖ್ಯೆಗೆ ಮಿತಿ ಬಂತು, ಚಾರಿತ್ರ್ಯ, ವ್ಯಕ್ತಿತ್ವಗಳಿಗೆ ತೂಕ ಬಂತು, ಭಾವಚಿತ್ರ ಲಗತ್ತಿಸಬೇಕಾಯಿತು. ಯಾರ ಹೆಸರನ್ನೂ ಎತ್ತದೆ ಯಹೂದಿ ಹುಡುಗರ ಸಂಖ್ಯೆ ಇಳಿಯಿತು. ಕೇವಲ ಪುಸ್ತಕದ ಹುಳು, ಆಟೋಟಗಳಲ್ಲಿಲ್ಲ, ಬೆರೆಯುವವನಲ್ಲ ಎಂದು ಷರಾ ಬರೆದರೆ ಸಾಕಿತ್ತು.

ವಕೀಲಿಯ ಬಾಗಿಲಲ್ಲೇ ಇದು ನಡೆದದ್ದು ಪೆನ್ಸಿಲ್ವೇನಿಯಾ ರಾಜ್ಯದಲ್ಲಿ. 1928ರಲ್ಲಿ ಅಲ್ಲಿ ಹೊಸ ನಿಯಮ ಬಂತು. ಕಾನೂನು ಓದಲು ಹೊರಟವನು ಮೊದಲೇ ನೋಂದಾಯಿಸಿಕೊಂಡು ಸ್ಥಳೀಯ ವಕೀಲರ ಮಂಡಳಿಯ ಮುಂದೆ ನಡತೆಯ ಸಂದರ್ಶನಕ್ಕೆ ಕೂರಬೇಕು. ತನ್ನನ್ನು ಶಿಷ್ಯನೆಂದು ಒಪ್ಪಿಕೊಳ್ಳುವ ಒಬ್ಬ ವಕೀಲನನ್ನು ಹುಡುಕಿಕೊಳ್ಳಬೇಕು. ಆರು ತಿಂಗಳು ಕಚೇರಿಯಲ್ಲಿ ದುಡಿದ ಅನುಭವ ತೋರಿಸಬೇಕು. ಓದಿ ನೋಡಿದರೆ ಇದರಲ್ಲಿ ತಪ್ಪೇನಿದೆ ಅನಿಸುತ್ತದೆ. ವಕೀಲನಿಗೆ ಒಳ್ಳೆಯ ನಡತೆ ಬೇಡವೇ, ಅನುಭವ ಬೇಡವೇ? ಆದರೆ ಮಂಡಳಿಯಲ್ಲಿ ಕುಳಿತವರು ಯಾರು, ಕಚೇರಿಗಳು ಯಾರವು ಎಂದು ಕೇಳಿದರೆ ಉತ್ತರ ಬೇರೆಯೇ ಆಗುತ್ತದೆ. ಬಿಳಿಯ ವಕೀಲ ತನ್ನ ಕಚೇರಿಗೆ ಕಪ್ಪು ಹುಡುಗನನ್ನು ಸೇರಿಸಿಕೊಳ್ಳಲೊಲ್ಲ. ಕಪ್ಪು ವಕೀಲರಿದ್ದದ್ದು ಬೆರಳೆಣಿಕೆಯಷ್ಟು. 1933ರಿಂದ 1943ರವರೆಗೆ ಹತ್ತು ವರ್ಷ ಆ ರಾಜ್ಯದಲ್ಲಿ ಒಬ್ಬನೇ ಒಬ್ಬ ಕಪ್ಪು ವ್ಯಕ್ತಿ ಹೊಸದಾಗಿ ವಕೀಲನಾಗಲಿಲ್ಲ. ಅನುಭವ ಬೇಕು ಎಂಬ ಷರತ್ತು ಎಷ್ಟು ಸಾಧುವಾಗಿ ಕಾಣಿಸಿ ಎಷ್ಟು ಕ್ರೂರವಾಗಿ ಕೆಲಸ ಮಾಡಬಲ್ಲದು ಎಂಬುದಕ್ಕೆ ಈ ಹತ್ತು ವರ್ಷ ಸಾಕು.

ಇದಕ್ಕೆ ಹೋಲಿಸಿದರೆ 1948ರ ಫೆಬ್ರವರಿಯಲ್ಲಿ ಮೊದಲ ಬಾರಿ ನಡೆದ ಎಲ್‌ಸ್ಯಾಟ್ ಒಂದು ಬಿಡುಗಡೆಯಂತೆ ಕಂಡಿರಬೇಕು. ಎರಡನೇ ಮಹಾಯುದ್ಧ ಮುಗಿಸಿ ಬಂದ ಯೋಧರಿಂದ ಕಾಲೇಜುಗಳು ತುಂಬಿ ತುಳುಕುತ್ತಿದ್ದವು. ಎಲ್ಲಿಂದಲೋ ಬಂದವರನ್ನು ಒಂದೇ ತಕ್ಕಡಿಯಲ್ಲಿ ತೂಗಲು ಕೊಲಂಬಿಯಾ, ಹಾರ್ವರ್ಡ್, ಯೇಲ್‌ನವರು ಸೇರಿ ಈ ಪರೀಕ್ಷೆ ತಂದರು. ಪ್ರಶ್ನೆಪತ್ರಿಕೆ ತಂದೆಯ ಊರನ್ನು ಕೇಳುವುದಿಲ್ಲ. ಹಾಗೆಂದು ಬಾಗಿಲುಗಳೆಲ್ಲ ತೆರೆದವೆಂದೇನಲ್ಲ. ಅಂಚೆ ಹಂಚುತ್ತಿದ್ದ ಹೆಮನ್ ಸ್ವೆಟ್ ಎಂಬ ಪದವೀಧರನನ್ನು ಟೆಕ್ಸಾಸ್ ವಿಶ್ವವಿದ್ಯಾಲಯ 1946ರಲ್ಲಿ ಬಣ್ಣದ ಕಾರಣಕ್ಕೇ ತಿರಸ್ಕರಿಸಿತ್ತು. ಆತನಿಗಾಗಿ ಬೇರೆಯೇ ಒಂದು ಕಾನೂನು ಶಾಲೆ ತೆರೆಯಲು ಹೊರಟಿತು. 1950ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹೆಣ್ಣುಮಕ್ಕಳಿಗೆ ಹಾರ್ವರ್ಡ್ ಕಾನೂನು ಶಾಲೆ ತೆರೆದದ್ದೂ 1950ರಲ್ಲೇ.

ಸಂಖ್ಯೆಗೂ ತನ್ನದೇ ಕುರುಡು ಇದೆ ಎಂಬುದು ಎಪ್ಪತ್ತರ ದಶಕದಲ್ಲಿ ಅರಿವಿಗೆ ಬಂತು. ಒಳ್ಳೆಯ ಶಾಲೆ, ಪುಸ್ತಕಗಳಿರುವ ಮನೆ, ಬಿಡುವು ಇದ್ದವನ ಅಂಕಕ್ಕೂ ಇಲ್ಲದವನ ಅಂಕಕ್ಕೂ ಅರ್ಥ ಒಂದೇ ಅಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಾನೂನು ಶಾಲೆ ತನಗೆ ಸೀಟು ನಿರಾಕರಿಸಿತೆಂದು ಮಾರ್ಕೊ ಡಿಫ್ಯೂನಿಸ್ ಎಂಬ ಬಿಳಿಯ ವಿದ್ಯಾರ್ಥಿ ಹೂಡಿದ ದಾವೆ 1974ರಲ್ಲಿ ಸುಪ್ರೀಂ ಕೋರ್ಟ್ ತಲುಪಿತು. ಅಷ್ಟರಲ್ಲಿ ಆತನ ಓದೇ ಮುಗಿಯುತ್ತ ಬಂದಿದ್ದರಿಂದ ಕೋರ್ಟ್ ತೀರ್ಪು ಕೊಡದೆ ಬಿಟ್ಟಿತು. ಆದರೆ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದ ಭಿನ್ನಾಭಿಪ್ರಾಯ ಉಳಿದುಕೊಂಡಿತು. ಬಡ ಕೇರಿಯಿಂದ ಎದ್ದು ಬಂದ ಕಪ್ಪು ಹುಡುಗ, ಹಾರ್ವರ್ಡ್‌ನಲ್ಲಿ ಹೆಚ್ಚು ಅಂಕ ಪಡೆದ ಶ್ರೀಮಂತನ ಮಗನಿಗಿಂತ ಹೆಚ್ಚಿನ ಭರವಸೆ ತೋರಿರಬಹುದಲ್ಲವೇ ಎಂಬುದು ಅದರ ತಾತ್ಪರ್ಯ. ಡಗ್ಲಸ್ ಜನಾಂಗ ನೋಡಿ ಸೀಟು ಕೊಡುವುದನ್ನು ಒಪ್ಪಿದವರಲ್ಲ. ಎಲ್ಲಿ ತಲುಪಿದ್ದಾನೆ ಎಂಬುದರ ಜೊತೆಗೆ ಎಲ್ಲಿಂದ ಹೊರಟ ಎಂಬುದನ್ನೂ ನೋಡಿ ಎಂದರು. ಪಠ್ಯೇತರ ಅನುಭವದ ಪರವಾಗಿ ನನಗೆ ತಿಳಿದ ಅತ್ಯಂತ ಬಲವಾದ ಮಾತು ಇದು.

ಯಹೂದಿಗಳನ್ನು ಹೊರಗಿಡಲು ಮಾಡಿದ ಅಳತೆಗೋಲು ಹೀಗೆ ಕಪ್ಪು ಜನರನ್ನು ಒಳಗೆ ಕರೆಯುವ ಕೋಲಾಯಿತು. ಮಿಷಿಗನ್ ಕಾನೂನು ಶಾಲೆಯ ವಿರುದ್ಧ ಬಾರ್ಬರಾ ಗ್ರಟರ್ ಹೂಡಿದ ಮೊಕದ್ದಮೆಯಲ್ಲಿ 2003ರಲ್ಲಿ ಬಂದ ತೀರ್ಪು ಅದನ್ನು ಎತ್ತಿಹಿಡಿಯಿತು. ಅರ್ಜಿದಾರರ ಹಲವು ಭಾಷೆಗಳ ಜ್ಞಾನ, ಸಮಾಜಸೇವೆ, ಕಷ್ಟಗಳನ್ನು ದಾಟಿ ಬಂದ ಬದುಕು, ಬೇರೆ ವೃತ್ತಿಗಳ ಯಶಸ್ಸು ಇವನ್ನೆಲ್ಲ ನೋಡುವ ಶಾಲೆ ಜನಾಂಗವನ್ನೂ ಒಂದು ಅಂಶವಾಗಿ ನೋಡಬಹುದು ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ಇಲ್ಲೊಂದು ವ್ಯಂಗ್ಯವಿದೆ. ಗ್ರಟರ್ ಇಬ್ಬರು ಮಕ್ಕಳ ತಾಯಿ, ಸ್ವಂತ ಸಲಹಾ ವ್ಯವಹಾರ ನಡೆಸಿದವರು, ಒಳ್ಳೆಯ ಅಂಕ ಇದ್ದವರು. ಅನುಭವಕ್ಕೆ ಬೆಲೆ ಕೊಡುತ್ತೇವೆ ಎಂದ ಶಾಲೆಯಲ್ಲೇ ಆಕೆಯ ಅನುಭವ ಸೀಟು ತರಲಿಲ್ಲ.

2023ರ ಜೂನ್ 29ರಂದು ಅದೇ ಕೋರ್ಟ್ ದಿಕ್ಕು ಬದಲಿಸಿತು. ಮತ್ತೆ ಹಾರ್ವರ್ಡ್ ಕಾಲೇಜು, ಈ ಸಲ ಏಷ್ಯಾ ಮೂಲದ ವಿದ್ಯಾರ್ಥಿಗಳು. ಓದಿನಲ್ಲೂ ಪಠ್ಯೇತರ ಚಟುವಟಿಕೆಯಲ್ಲೂ ಅವರು ಬಿಳಿಯರಿಗಿಂತ ಮುಂದಿದ್ದರೂ 'ವ್ಯಕ್ತಿತ್ವ'ದ ಅಂಕದಲ್ಲಿ ಹಿಂದೆ ಬೀಳುತ್ತಿದ್ದರೆಂದು ದೂರುದಾರರು ಅಂಕಿಅಂಶ ತೋರಿಸಿದ್ದರು. ಇದು ಉದ್ದೇಶಪೂರ್ವಕ ತಾರತಮ್ಯವಲ್ಲ ಎಂದು ಕೆಳ ನ್ಯಾಯಾಲಯ 2019ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ ಮಾತ್ರ ಜನಾಂಗ ನೋಡಿ ಪ್ರವೇಶ ಕೊಡುವುದನ್ನೇ ತಡೆಯಿತು. ಕಾನೂನು ಶಾಲೆಗಳಿಗೂ ಅದು ಅನ್ವಯ. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅರ್ಜಿದಾರ ಪ್ರಬಂಧದಲ್ಲಿ ಬರೆದರೆ ಓದಬಹುದು ಎಂದಿತು. ಅಂದರೆ ಅನುಭವದ ಕಥನಕ್ಕೆ ಈಗ ಹಿಂದಿಗಿಂತ ಹೆಚ್ಚು ಭಾರ ಬಿದ್ದಿದೆ.

ಹಾಗಾದರೆ ಇವೆಲ್ಲ ಎಷ್ಟು ಲೆಕ್ಕಕ್ಕೆ ಬರುತ್ತವೆ? ಶಾಲೆಗಳ ರ‍್ಯಾಂಕ್ ಪಟ್ಟಿ ಅಲ್ಲಿನ ಕಾನೂನು ಶಾಲೆಗಳನ್ನು ಎಂಬತ್ತರ ದಶಕದ ಕೊನೆಯಿಂದ ಕಾಡುತ್ತಿದೆ. ಆ ಪಟ್ಟಿ ಸೇರಿದವರ ಅಂಕಗಳನ್ನೂ ಎಣಿಸುವುದರಿಂದ ಅಂಕವನ್ನು ಬಿಟ್ಟುಕೊಡಲು ಶಾಲೆಗಳು ಅಷ್ಟು ಸುಲಭವಾಗಿ ಸಿದ್ಧವಿಲ್ಲ. ಅಂಕ ಬಾಗಿಲವರೆಗೆ ಒಯ್ಯುತ್ತದೆ. ಬಾಗಿಲಲ್ಲಿ ನಿಂತ ಸಮಾನರ ನಡುವೆ ಉಳಿದದ್ದು ಮಾತಾಡುತ್ತದೆ. ಅದರಲ್ಲೂ ಹತ್ತು ಸಂಘಗಳ ಸದಸ್ಯತ್ವಕ್ಕಿಂತ ಒಂದು ಕೆಲಸಕ್ಕೆ ಅಂಟಿಕೊಂಡು ಎರಡು ವರ್ಷ ದುಡಿದದ್ದಕ್ಕೆ ಬೆಲೆ ಹೆಚ್ಚು. ಹೆಸರಾಂತ ಶಾಲೆಗಳಲ್ಲಿ ಪದವಿಯ ನಂತರ ಒಂದೆರಡು ವರ್ಷ ಹೊರಗಿದ್ದು ಬಂದವರೇ ಈಗ ಬಹುಸಂಖ್ಯಾತರು. ಓದುವಾಗ ವಾರಕ್ಕೆ ಎಷ್ಟು ಗಂಟೆ ದುಡಿಯುತ್ತಿದ್ದಿರಿ ಎಂದು ಕೇಳುವ ಅರ್ಜಿಗಳೂ ಇವೆ. ಬಡವರ ಮಕ್ಕಳಿಗೆ ಅನುಕೂಲವಾಗುವ ಪ್ರಶ್ನೆ ಅದು. ಸಂಬಳವಿಲ್ಲದ ಇಂಟರ್ನ್‌ಶಿಪ್ಪು ಉಳ್ಳವರ ಮಕ್ಕಳಿಗೆ.

ನಮ್ಮಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮೊದಲ ತಂಡ 1988ರಲ್ಲಿ ಓದು ಆರಂಭಿಸಿತು. ಇಂಥ ಶಾಲೆಗಳಿಗೆ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ 2008ರಲ್ಲಿ ಬಂತು. ಅದು ಯಾರ ಮುಖವನ್ನೂ ನೋಡದು, ನಿಜ. ಆದರೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ, ಅರ್ಜಿಗೇ ಸಾವಿರಾರು ರೂಪಾಯಿ, ಕೋಚಿಂಗ್ ಬೇರೆ. ಸರಕಾರಿ ಉರ್ದು ಅಥವಾ ಕನ್ನಡ ಶಾಲೆಯ ಹುಡುಗಿಗೆ ಆ ಎರಡು ಗಂಟೆ ಎಷ್ಟು ದೂರ! ಬೆಂಗಳೂರಿನ ಅದೇ ಶಾಲೆಯಲ್ಲಿ ಓದಿದ್ದ ಶಮ್ನಾದ್ ಬಶೀರ್ 2010ರಲ್ಲಿ ಐಡಿಯಾ ಎಂಬ ಸಂಸ್ಥೆ ಕಟ್ಟಿ ಇಂಥ ಮಕ್ಕಳನ್ನು ಹುಡುಕಿ ಪರೀಕ್ಷೆಗೆ ಸಿದ್ಧಗೊಳಿಸುವ ಕೆಲಸಕ್ಕಿಳಿದರು. 2019ರಲ್ಲಿ ಅವರು ತೀರಿಕೊಂಡರು.

ಹಾಗಾದರೆ ನಾವೂ ಅನುಭವಕ್ಕೆ, ಚಟುವಟಿಕೆಗೆ ಅಂಕ ಕೊಡಬಾರದೇಕೆ ಎಂದು ಕೇಳುವವರಿದ್ದಾರೆ. ಕೊಟ್ಟು ನೋಡಿಯಾಗಿದೆ, ಕಾನೂನು ಕಾಲೇಜಿನಲ್ಲಿ ಅಲ್ಲ, ಎಂಜಿನಿಯರಿಂಗ್ ಕಾಲೇಜಿನಲ್ಲಿ. ನಮ್ಮ ಮೈಸೂರು ರಾಜ್ಯ ಅರುವತ್ತರ ದಶಕದ ಆರಂಭದಲ್ಲಿ ಸಂದರ್ಶನಕ್ಕೆ ಶೇ. 25ರಷ್ಟು ಅಂಕ ಇಟ್ಟಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ಸಮಾಜಸೇವೆ, ಚರ್ಚೆ, ನಾಟಕ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಚಿತ್ರಲೇಖಾ ಮೊಕದ್ದಮೆಯಲ್ಲಿ 1964ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಅದನ್ನು ಒಪ್ಪಿತು. ದುರುಪಯೋಗ ಆಗಬಹುದೆಂಬ ಕಾರಣಕ್ಕೆ ಪದ್ಧತಿಯನ್ನೇ ತಳ್ಳಿಹಾಕಲಾಗದು ಎಂದಿತು.

ದುರುಪಯೋಗದ ದೂರು ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಿಂದ ಬಂತು. 1979-80ರ ಪ್ರವೇಶದಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಅದರಲ್ಲಿ 10 ಅಂಕ ಪಠ್ಯೇತರ ಚಟುವಟಿಕೆಗೆ, 10 ವ್ಯಕ್ತಿತ್ವಕ್ಕೆ. ಅಜಯ್ ಹಾಸಿಯಾ ಮತ್ತಿತರ ವಿದ್ಯಾರ್ಥಿಗಳು ಹೇಳಿದ್ದೇನು? ಸಂದರ್ಶನ ನಡೆದದ್ದು ಎರಡು ಮೂರು ನಿಮಿಷ. ಕೇಳಿದ್ದು ತಂದೆ ತಾಯಿ ಯಾರು, ಮನೆ ಎಲ್ಲಿ ಎಂಬುದನ್ನು. ಲಿಖಿತ ಪರೀಕ್ಷೆಯಲ್ಲಿ ಹಿಂದಿದ್ದ ಕೆಲವರು ಈ ಮೂರು ನಿಮಿಷದಲ್ಲಿ ಮುಂದೆ ಹೋಗಿದ್ದರು. ಹಾರ್ವರ್ಡ್‌ನ 1922ರ ಅರ್ಜಿ ಕೇಳಿದ್ದಕ್ಕೂ ಇದಕ್ಕೂ ಎಷ್ಟು ಅಂತರ? ನ್ಯಾಯಮೂರ್ತಿ ಭಗವತಿಯವರ ಪೀಠ 1980ರ ನವೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ, ಮೂರನೇ ಒಂದು ಭಾಗ ಅಂಕವನ್ನು ಸಂದರ್ಶನಕ್ಕಿಡುವುದು ಮನಬಂದ ನಡವಳಿಕೆ ಎಂದಿತು. ಶೇ. 15 ಮೀರಬಾರದು, ಸಂದರ್ಶನವನ್ನು ಟೇಪಿನಲ್ಲಿ ಮುದ್ರಿಸಿಕೊಂಡರೆ ಒಳ್ಳೆಯದು ಎಂದು ಸೂಚಿಸಿತು. ಆಗಲೇ ಸೇರಿದ್ದವರನ್ನು ಹೊರಹಾಕಲಿಲ್ಲ. ಬದಲಿಗೆ, ಆ ಸಾಲಿನಲ್ಲಿ ಸೀಟು ಸಿಗದವರ ಪೈಕಿ ಸಂದರ್ಶನದ ಅಂಕ ಬಿಟ್ಟು ಅರ್ಹತೆಯಲ್ಲಿ ಮುಂದಿದ್ದ ಐವತ್ತು ಮಂದಿಗೆ 1981-82ರಲ್ಲಿ ಹೆಚ್ಚುವರಿ ಸೀಟು ಕೊಡಲು ಕಾಲೇಜು ಒಪ್ಪಿಕೊಂಡಿತು. ಅಷ್ಟರಲ್ಲಿ ಅವರ ಎರಡು ವರ್ಷ ಕಳೆದಿತ್ತು.