ಲಸಿಕೆಯ ಡಬ್ಬಿಯ ಮೇಲೆ ‘ಕಾಂಜುಗೇಟ್’ ಎಂದಿದ್ದರೆ ಏನರ್ಥ?

ಮಗುವಿನ ಲಸಿಕೆ ಕಾರ್ಡಿನಲ್ಲಿ ‘ಟೈಫಾಯ್ಡ್ ಕಾಂಜುಗೇಟ್’ ಅಥವಾ ‘ನ್ಯುಮೊಕಾಕಲ್ ಕಾಂಜುಗೇಟ್’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಕಾಂಜುಗೇಟ್ ಎನ್ನುವುದು ಕಂಪನಿಯ ಹೆಸರಲ್ಲ. ಇವೇ ಕಾಯಿಲೆಗಳಿಗೆ ಕಾಂಜುಗೇಟ್ ಅಲ್ಲದ ಲಸಿಕೆಗಳೂ ಇವೆ. ನಿಮ್ಮ ಮಗುವಿಗೆ ಇನ್ನೂ ಎರಡು ವರ್ಷ ತುಂಬಿಲ್ಲದಿದ್ದರೆ ಈ ವ್ಯತ್ಯಾಸ ನಿಮಗೆ ಗೊತ್ತಿರಲೇಬೇಕು.

(ಇದಕ್ಕೆ ನಿಘಂಟಿನಲ್ಲಿ ‘ಸಂಯುಗ್ಮ’ ಎಂಬ ಪದವಿದೆ. ಅನುವಾದಕಿಯಾಗಿ ಅದನ್ನು ಬಳಸಿ ನೋಡಿದ್ದೇನೆ, ಯಾರಿಗೂ ಅರ್ಥವಾಗಲಿಲ್ಲ. ಡಬ್ಬಿಯ ಮೇಲಿರುವ ಪದವನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ.)

ಸಕ್ಕರೆ ಮತ್ತು ಪ್ರೋಟೀನಿನ ಜೋಡಿ

ಸಕ್ಕರೆಯ ಸರಪಳಿಯೊಂದು ಪ್ರೋಟೀನಿಗೆ ಅಥವಾ ಕೊಬ್ಬಿಗೆ ಅಂಟಿಕೊಂಡಿದ್ದರೆ ಅದು ಗ್ಲೈಕೊಕಾಂಜುಗೇಟ್. ನಮ್ಮ ದೇಹದ ತುಂಬ ಇವು ಇವೆ. ಎ ಮತ್ತು ಬಿ ರಕ್ತದ ಗುಂಪುಗಳು ಬೇರೆಯಾಗುವುದು ಕೂಡ ಕೆಂಪು ರಕ್ತಕಣದ ಮೇಲಿನ ಇಂಥ ಸರಪಳಿಯ ತುದಿಯಲ್ಲಿರುವ ಒಂದೇ ಒಂದು ಸಕ್ಕರೆಯಿಂದ.

ಟೈಫಾಯ್ಡ್, ನ್ಯುಮೋನಿಯಾ, ಮೆದುಳುಜ್ವರ ತರುವ ಕೆಲವು ಬ್ಯಾಕ್ಟೀರಿಯಾಗಳಿಗೂ ಸಕ್ಕರೆ ಸರಪಳಿಗಳ ಹೊದಿಕೆ ಇರುತ್ತದೆ. ಆ ಹೊದಿಕೆಯನ್ನಷ್ಟೇ ತೆಗೆದು ಲಸಿಕೆ ಮಾಡಿದರೆ ದೊಡ್ಡವರ ದೇಹ ಅದನ್ನು ಗುರುತಿಸಿ ಪ್ರತಿಕಾಯ ತಯಾರಿಸುತ್ತದೆ. ಎರಡು ವರ್ಷದೊಳಗಿನ ಮಕ್ಕಳ ದೇಹ ಬರೀ ಸಕ್ಕರೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ದೊಡ್ಡವರಲ್ಲೂ ಆ ರಕ್ಷಣೆಯ ನೆನಪು ಗಟ್ಟಿಯಾಗಿ ಉಳಿಯುವುದಿಲ್ಲ, ಏಕೆಂದರೆ ನೆನಪು ಉಳಿಸಲು ಟಿ ಕೋಶಗಳ ನೆರವು ಬೇಕು. ಅವು ಎಚ್ಚರಗೊಳ್ಳುವುದು ಮುಖ್ಯವಾಗಿ ಪ್ರೋಟೀನಿಗೆ. ಹಾಗಾಗಿ ಸಕ್ಕರೆಯನ್ನು ಪ್ರೋಟೀನಿಗೆ ಕಟ್ಟಿ ಕೊಡುತ್ತಾರೆ.

ಈ ಉಪಾಯ ಹಳೆಯದು. ನ್ಯೂಯಾರ್ಕಿನಲ್ಲಿ ಏವರಿ ಮತ್ತು ಗೋಬೆಲ್ 1929ರಲ್ಲೇ ಇದನ್ನು ಪ್ರಾಣಿಗಳಲ್ಲಿ ತೋರಿಸಿದ್ದರು. ಮಕ್ಕಳಿಗೆ ಸಿಕ್ಕಿದ್ದು ಬಹಳ ತಡವಾಗಿ. ಅಮೆರಿಕದಲ್ಲಿ ಹಿಬ್ ಬ್ಯಾಕ್ಟೀರಿಯಾದ ವಿರುದ್ಧ 1985ರಲ್ಲಿ ಬಂದದ್ದು ಬರೀ ಸಕ್ಕರೆಯ ಲಸಿಕೆ. ಹಿಬ್ ಮೆದುಳುಜ್ವರ ಹೆಚ್ಚಾಗಿ ಕಾಡುವುದು ಎರಡು ವರ್ಷದೊಳಗಿನ ಮಕ್ಕಳನ್ನು. ಆ ಲಸಿಕೆ ಕೆಲಸ ಮಾಡದ ವಯಸ್ಸೂ ಅದೇ. 1987ರಲ್ಲಿ ಕಾಂಜುಗೇಟ್ ಲಸಿಕೆ ಬಂತು. ಮುಂದೆ ಅದು ಹಸುಗೂಸುಗಳಿಗೂ ಸಿಗತೊಡಗಿದ ಮೇಲೆ ಅಲ್ಲಿ ಚಿಕ್ಕ ಮಕ್ಕಳಲ್ಲಿ ಗಂಭೀರ ಹಿಬ್ ಕಾಯಿಲೆ ಶೇ. 99ರಷ್ಟು ಇಳಿಯಿತು. ನಮ್ಮಲ್ಲಿ 6, 10 ಮತ್ತು 14ನೇ ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಈ ಹಿಬ್ ಕಾಂಜುಗೇಟ್ ಸೇರಿದೆ. ನ್ಯುಮೊಕಾಕಲ್ ಕಾಂಜುಗೇಟ್ ಲಸಿಕೆಯೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ: 6 ವಾರ, 14 ವಾರ, 9 ತಿಂಗಳು.

ಟೈಫಾಯ್ಡ್ ಲಸಿಕೆ ಕೊಳ್ಳುವಾಗ

ಬರೀ ಸಕ್ಕರೆಯ ಟೈಫಾಯ್ಡ್ ಲಸಿಕೆಯನ್ನು ಎರಡು ವರ್ಷದ ನಂತರವೇ ಕೊಡಬೇಕು, ಮೂರು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಕಾಂಜುಗೇಟ್ ಲಸಿಕೆಯನ್ನು ಆರು ತಿಂಗಳಿನಿಂದಲೇ ಕೊಡಬಹುದು. ‘ಪಾಲಿಸ್ಯಾಕರೈಡ್’ ಎಂಬ ಪದ ಎರಡೂ ಡಬ್ಬಿಗಳ ಮೇಲೆ ಇರಬಹುದು, ಅದನ್ನು ನೋಡಿ ಗೊಂದಲಪಡಬೇಡಿ. ನೀವು ಹುಡುಕಬೇಕಾದದ್ದು ‘ಕಾಂಜುಗೇಟ್’ ಎಂಬ ಪದವನ್ನು. ವೈದ್ಯರು ಅದನ್ನು ಬರೆದಿದ್ದು ಅಂಗಡಿಯಲ್ಲಿ ಸ್ಟಾಕ್ ಇಲ್ಲದಿದ್ದರೆ, “ಇದೂ ಟೈಫಾಯ್ಡಿನದೇ” ಎಂದು ಇನ್ನೊಂದನ್ನು ಕೊಟ್ಟರೂ ಒಪ್ಪಬೇಡಿ. ಮೊದಲು ವೈದ್ಯರನ್ನು ಕೇಳಿ.

ನೀವು ಕೇಳುವ ಎರಡು ಪ್ರಶ್ನೆಗಳು

“ನಮ್ಮ ತಂದೆಗೆ ಡಯಾಬಿಟಿಸ್. ಲಸಿಕೆಯಲ್ಲಿ ಸಕ್ಕರೆ ಇದ್ದರೆ ಶುಗರ್ ಏರುವುದಿಲ್ಲವೇ?” ಆ ಸಕ್ಕರೆಯಿಂದ ಏರುವುದಿಲ್ಲ. ಟೈಫಾಯ್ಡ್ ಲಸಿಕೆಯ ಒಂದು ಡೋಸಿನಲ್ಲಿ ಅದು ಸಾಮಾನ್ಯವಾಗಿ 25 ಮೈಕ್ರೋಗ್ರಾಂ. ನಾಲ್ಕು ಗ್ರಾಂ ಹಿಡಿಯುವ ಒಂದು ಚಮಚ ಸಕ್ಕರೆಯಲ್ಲಿ ಇಂಥ 1,60,000 ಪಾಲು ಮಾಡಬಹುದು. ಮೇಲಾಗಿ ಅದು ಗ್ಲೂಕೋಸ್ ಅಲ್ಲ.

“ಲಸಿಕೆಯಲ್ಲಿ ಟೆಟನಸ್ ಟಾಕ್ಸಾಯ್ಡ್ ಇದೆಯಲ್ಲ, ಟಿಟಿ ಇಂಜೆಕ್ಷನ್ ಬಿಡಬಹುದೇ?” ಬಿಡಬಾರದು. ಇಲ್ಲಿ ಆ ಪ್ರೋಟೀನ್ ಸಕ್ಕರೆಯನ್ನು ಹೊರುವ ಕೆಲಸಕ್ಕಷ್ಟೇ ಇದೆ, ಧನುರ್ವಾಯು ಲಸಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹಿಂದೆ ಟೆಟನಸ್ ಅಥವಾ ಡಿಫ್ತೀರಿಯಾ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ವೈದ್ಯರಿಗೆ ಹೇಳಿ.

ವಯಸ್ಸಾದವರಿಗೆ ಮತ್ತು ಗುಲ್ಮ ತೆಗೆಸಿಕೊಂಡವರಿಗೆ ಎರಡೂ ಬಗೆಯ ನ್ಯುಮೊಕಾಕಲ್ ಲಸಿಕೆ ಬೇಕಾಗಬಹುದು. ಯಾವುದು ಮೊದಲು, ಎಷ್ಟು ಅಂತರದಲ್ಲಿ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಕೆಲಸದ ಮೇಲೆ ಊರು ಬದಲಾಯಿಸುವವರು ಕಾರ್ಡಿನಲ್ಲಿ ಬರೀ ‘ಟೈಫಾಯ್ಡ್’ ಎಂದು ಬರೆಸಿಕೊಳ್ಳಬೇಡಿ. ಲಸಿಕೆಯ ಪೂರ್ತಿ ಹೆಸರು, ಬ್ಯಾಚ್ ಸಂಖ್ಯೆ, ಹಾಕಿದ ದಿನಾಂಕ ಬರೆಸಿ, ಡಬ್ಬಿಯದೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.